ಗೋಪ್ಯದ ಕಪಾಟು ಕಾದವನು

ಸೇತುವೆ ಇಲಾಖೆಯ ನೆಲಮಾಳಿಗೆಯಲ್ಲಿ ಮುವತ್ತೊಂದು ವರ್ಷ ಕಡತ ಕಾದ ಮನುಷ್ಯನಿಗೆ ಆಫೀಸಿನವರು ಇಟ್ಟ ಹೆಸರು ದಾರದುಂಡೆ. ಅವನ ಅಂಗಿ ಜೇಬಿನಲ್ಲಿ ಪೆನ್ನು ಇರದಿದ್ದರೂ ದಾರದ ಉಂಡೆ ಇರುತ್ತಿತ್ತು, ಕಾಲರಿನ ಹಿಂದೆ ಒಂದು ದಬ್ಬಣ ಸಿಕ್ಕಿಸಿಕೊಂಡಿರುತ್ತಿದ್ದ. ಬಿಡಿ ಹಾಳೆ ಕಂಡರೆ ಅವನಿಗೆ ಕೈ ತುರಿಸುತ್ತಿತ್ತು. “ಅವನ ಮುಂದೆ ಎರಡು ನಿಮಿಷ ಅಲ್ಲಾಡದೆ ಕೂತ್ರೆ ನಮಗೂ ತೂತು ಹಾಕಿ, ಹೊಲಿದು, ಪುಟಸಂಖ್ಯೆ ಬರೀತಾನೆ” ಎಂದು ಮೇಲಿನ ಮಹಡಿಯ ಗುಮಾಸ್ತರು ನಗುತ್ತಿದ್ದರು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಮನುಷ್ಯ ಒಳ್ಳೆಯವನೇ. ಒಂದು ಗುಂಡುಸೂಜಿಯನ್ನೂ ಆಫೀಸಿನಿಂದ ಮನೆಗೆ ತಂದವನಲ್ಲ, ಯಾರ ಮೇಲೂ ಚಾಡಿ ಹೇಳಿದವನಲ್ಲ. ಕೆಟ್ಟವರಿಂದ ಆಗುವ ಅನಾಹುತಕ್ಕಿಂತ ಇಂಥ ಒಳ್ಳೆಯವರಿಂದ ಆಗುವುದೇ ಹೆಚ್ಚು ಎಂದು ನನಗೆ ಮೊದಲಿಂದ ಗುಮಾನಿ ಇತ್ತು. ಇವನ ಸಂಗತಿ ತಿಳಿದ ಮೇಲೆ ಗುಮಾನಿ ಹೋಗಿ ಖಾತ್ರಿಯಾಯಿತು.

ನೆಲಮಾಳಿಗೆಗೆ ಒಂದೇ ಕಿಟಕಿ. ಅದು ರಸ್ತೆಯ ಮಟ್ಟಕ್ಕಿದ್ದುದರಿಂದ ಹೋಗಿಬರುವವರ ಪಾದ ಮಾತ್ರ ಕಾಣುತ್ತಿದ್ದವು. ಒಳಗೆ ಇಪ್ಪತ್ತೆರಡು ಕಬ್ಬಿಣದ ಕಪಾಟು, ಒಂದು ಮೇಜು, ಒಂದು ಕಾಲು ಕುಂಟುವ ಏಣಿ. ಕಡತಗಳಿಗೂ ಮನುಷ್ಯರ ಹಾಗೆ ಆಯುಷ್ಯ ಉಂಟು: ಟೆಂಡರಿನದಕ್ಕೆ ಮೂರು ವರ್ಷ, ತಪಾಸಣೆಯದಕ್ಕೆ ಐದು, ಜಮೀನಿನದಕ್ಕೆ ಮಾತ್ರ ಸಾವಿಲ್ಲ. ಆಯುಷ್ಯ ತೀರಿದವನ್ನು ವರ್ಷಕ್ಕೊಮ್ಮೆ ಕೆಳಗಿಳಿಸಿ, ಸೀಳುವ ಯಂತ್ರ ತಂದು, ಎರಡು ದಿನ ಗರಗರ ಎನ್ನಿಸಿ, ಬಿಳಿ ಎಳೆ ತುಂಬಿದ ಗೋಣಿಚೀಲಗಳನ್ನು ಸಾಗಹಾಕುತ್ತಿದ್ದರು. ಆ ಎರಡು ದಿನ ದಾರದುಂಡೆ ಬುತ್ತಿ ಬಿಚ್ಚುತ್ತಿರಲಿಲ್ಲ. ತಾನೇ ಹೊಲಿದ ಕಡತ ಕಣ್ಣೆದುರಿಗೇ ಎಳೆಯಾಗುವುದನ್ನು ನೋಡಲಾರದೆ ಕಿಟಕಿಯ ಕಡೆ ತಿರುಗಿ ಪಾದಗಳನ್ನು ಎಣಿಸುತ್ತ ಕೂರುತ್ತಿದ್ದ.

ಒಂದು ಬಗೆಯ ಕಡತವನ್ನು ಮಾತ್ರ ಯಂತ್ರದವರು ಮುಟ್ಟುತ್ತಿರಲಿಲ್ಲ. ಅದು ‘ಗೋಪ್ಯ’ ಎಂದು ಕೆಂಪು ಮುದ್ರೆ ಬಿದ್ದದ್ದು. ಅದಕ್ಕೆ ಆಯುಷ್ಯದ ಮಿತಿ ಇಲ್ಲ. ಇಲಾಖೆಯ ಮುಖ್ಯಸ್ಥರ ಬರಹದ ಒಪ್ಪಿಗೆ ಇಲ್ಲದೆ ಅದನ್ನು ತೆರೆಯುವಂತೆಯೂ ಇಲ್ಲ. ಆ ಮುದ್ರೆ ಬೇಕಾಗುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಮೇಲಿನವರು ಎಲ್ಲಿ ಕಳೆದುಹೋದೀತೋ ಎಂದು ಅದನ್ನು ದಾರದುಂಡೆಯ ಡ್ರಾಯರಿನಲ್ಲೇ ಇಡಿಸಿದ್ದರು.

ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ ಒಂದು ಹಳೆಯ ಕಲ್ಲುಸೇತುವೆಯ ಬಣ್ಣದ ನಕ್ಷೆಗಳಿದ್ದ ಕಡತ ಸೀಳುವ ರಾಶಿಗೆ ಬಿತ್ತು. ಒಂದೊಂದು ಕಲ್ಲಿಗೂ ನೆರಳು ತಿದ್ದಿದ್ದ ನಕ್ಷೆ. ದಾರದುಂಡೆ ಅತ್ತಿತ್ತ ನೋಡಿ, ಮುದ್ರೆ ಒತ್ತಿ, ತಾರೀಖು ಬರೆದ. ಯಂತ್ರದವನು ಕೆಂಪು ಕಂಡು ಅದನ್ನು ಪಕ್ಕಕ್ಕಿಟ್ಟ. ಯಾರೂ ಕೇಳಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಆಮೇಲೆ ಅದೊಂದು ಚಟವಾಯಿತು. ಪ್ರತಿ ವರ್ಷ ರಾಶಿಯಿಂದ ತನಗೆ ಹಿಡಿಸಿದ ಹತ್ತೋ ಹನ್ನೆರಡೋ ಆರಿಸಿ ಮುದ್ರೆ ಒತ್ತುತ್ತಿದ್ದ. ಆಯ್ಕೆಗೆ ಯಾವ ನ್ಯಾಯವೂ ಇರಲಿಲ್ಲ. ಅಕ್ಷರ ಮುದ್ದಾಗಿದ್ದರೆ ಉಳಿಯಿತು, ಚಿತ್ರವಿದ್ದರೆ ಉಳಿಯಿತು, ನಗು ಬಂದರೆ ಉಳಿಯಿತು. ಇಪ್ಪತ್ತೆರಡನೆಯ ಕಪಾಟಿನಲ್ಲಿ ಕೊನೆಗೆ ಮುನ್ನೂರ ಹನ್ನೆರಡು ರಾಜ್ಯರಹಸ್ಯಗಳಾದವು. ನಿಜವಾದವು ಹತ್ತೊಂಬತ್ತು. ಮಿಕ್ಕವುಗಳಲ್ಲಿ ಇಲಿಬೋನು ಖರೀದಿಯದೊಂದು, ಶೌಚಾಲಯದ ಚಿಲಕಕ್ಕಾಗಿ ಇಬ್ಬರು ಅಧಿಕಾರಿಗಳು ಹನ್ನೊಂದು ವರ್ಷ ಕಾದಾಡಿದ್ದೊಂದು, ಕಾವಲುಗಾರನೊಬ್ಬ ಪದ್ಯದಲ್ಲಿ ರಜೆ ಬೇಡಿದ್ದೊಂದು. ಮುದ್ರೆ ಎಂದರೆ ಅವನ ಪಾಲಿಗೆ ಜೀವ ಉಳಿಸುವ ಔಷಧಿ. ಬಚ್ಚಿಡುವುದಕ್ಕೂ ಉಳಿಸುವುದಕ್ಕೂ ವ್ಯತ್ಯಾಸ ಇದೆಯೆಂಬುದು ಆ ತಲೆಗೆ ಹೊಳೆಯಲೇ ಇಲ್ಲ.

ಅವನಿಗೆ ಎಲ್ಲಕ್ಕಿಂತ ಪ್ರಿಯವಾದ ಕಡತ ಹನ್ನೊಂದು ಪುಟದ್ದು. ಬರೆದವರು ತಪಾಸಣೆಯ ಇಂಜಿನಿಯರೊಬ್ಬರು, ಈಗ ತೀರಿಕೊಂಡಿದ್ದಾರೆ. ಶಾಯಿ ಪೆನ್ನು, ಮುತ್ತಿನಂಥ ಅಕ್ಷರ, ಅಂಚಿನಲ್ಲಿ ಒಂದೊಂದು ರಿವೆಟ್ಟಿಗೂ ಪುಟ್ಟ ಚಿತ್ರ. ಊರ ನಡುವಿನ ಕಾಲುವೆಗೆ ಅಡ್ಡಲಾಗಿ ಇದ್ದ ಕಬ್ಬಿಣದ ಕಾಲುಸೇತುವೆಯನ್ನು ಅವರು ಮೂರು ದಿನ ಸುತ್ತಿಗೆ ಹಿಡಿದು ಬಡಿದು ನೋಡಿ ಬರೆದಿದ್ದರು: ಸೇತುವೆಯನ್ನು ಎತ್ತಿ ಹಿಡಿದ ಹದಿನಾರು ಕಂಬಿಗಳಲ್ಲಿ ಒಂಬತ್ತು ಒಳಗೇ ತುಕ್ಕು ತಿಂದು ಟೊಳ್ಳಾಗಿವೆ, ಅವು ನಿಂತಿರುವುದು ಬಣ್ಣದ ಬಲದಿಂದ, ಆರು ತಿಂಗಳೊಳಗೆ ಮುಚ್ಚದಿದ್ದರೆ ಜನರ ಬರಿ ನಡಿಗೆಗೇ ಬಿದ್ದೀತು. ಕೊನೆಯ ಪುಟದಲ್ಲಿ ಒಬ್ಬರ ಕೆಳಗೊಬ್ಬರಂತೆ ಮೂವರು ಮೇಲಧಿಕಾರಿಗಳು ‘ನೋಡಿದೆ’ ಎಂದು ಬರೆದು ಸಹಿ ಹಾಕಿದ್ದರು. ನೋಡಿಯಾದ ಮೇಲೆ ಕಡತ ಕೆಳಗಿಳಿಯಿತು. ಐದು ವರ್ಷ ತುಂಬಿದಾಗ ದಾರದುಂಡೆ ಅದನ್ನು ರಾಶಿಯಿಂದ ಎಳೆದು ಕೆಂಪು ಮುದ್ರೆ ಒತ್ತಿದ.

ಅಷ್ಟರಲ್ಲಿ ಅವನು ಅದನ್ನು ಎಷ್ಟು ಸಲ ಓದಿದ್ದನೆಂದರೆ ಬಾಯಿಪಾಠವಾಗಿತ್ತು. ಚಹಾ ತರುವವನನ್ನು ಕರೆದು ರಿವೆಟ್ಟಿನ ಚಿತ್ರ ತೋರಿಸಿದ್ದ. ದಾರದುಂಡೆಯ ಒಬ್ಬಳೇ ಮಗಳ ಮನೆ ಇದ್ದದ್ದು ಅದೇ ಕಾಲುವೆಯ ಆಚೆ ದಡದಲ್ಲಿ. ಭಾನುವಾರ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಅದೇ ಸೇತುವೆ ದಾಟಿ ಹೋಗಿ, ಅಳಿಯನ ಜೊತೆ ಕೂತು ಉಂಡು, ಅದೇ ಸೇತುವೆ ದಾಟಿ ಬರುತ್ತಿದ್ದ. ಕಡತದ ಸೇತುವೆ ಕಡತದಲ್ಲಿತ್ತು, ಕಾಲುವೆಯ ಸೇತುವೆ ಕಾಲುವೆಯ ಮೇಲಿತ್ತು. ಎರಡೂ ಒಂದೇ ಎಂದು ಬುದ್ಧಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ಈ ಮಾತು ಹೇಳುವಾಗೆಲ್ಲ ಅವನ ಕಪಾಳಕ್ಕೆ ಎರಡು ಬಿಡಬೇಕು ಅನಿಸುತ್ತದೆ ನನಗೆ.

ಮುದ್ರೆ ಒತ್ತಿ ಎರಡು ವರ್ಷವಾದ ಮೇಲೆ ಒಂದು ದಿನ ಬೆಳಗ್ಗೆ ಹತ್ತು ಗಂಟೆಗೆ ಸೇತುವೆ ಬಿತ್ತು.

ಅಳಿಯ ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಅವತ್ತು ಎರಡು ಯಂತ್ರಗಳನ್ನು ಪುಟ್ಟ ತಳ್ಳುಗಾಡಿಯ ಮೇಲಿಟ್ಟು ಈಚೆ ದಡಕ್ಕೆ ತರುತ್ತಿದ್ದ. ಹಿಂದಿನಿಂದ ಮಗಳು ಗಾಡಿಗೆ ಕೈಕೊಟ್ಟಿದ್ದಳು. ಮುಂದೆ, ಹಿಂದೆ, ಪಕ್ಕದಲ್ಲಿ ಕೆಲಸಕ್ಕೆ ಹೊರಟ ಜನ. ಒಂಬತ್ತು ಮಂದಿ ಸತ್ತರು, ಅಳಿಯನೂ ಸೇರಿ. ಮಗಳ ಸೊಂಟದ ಮೂಳೆ ಮುರಿದು ಎಡಗಾಲು ನಿಷ್ಪ್ರಯೋಜಕವಾಯಿತು. ಊರುಗೋಲು ಹಿಡಿದು ತವರಿಗೆ ಬಂದಳು.

ಇಲಾಖೆ ವಾರದೊಳಗೆ ಕಾರಣ ಕಂಡುಹಿಡಿಯಿತು. ಸೇತುವೆಯ ಬಾಯಲ್ಲಿ ‘ವಾಹನಗಳಿಗೆ ಪ್ರವೇಶವಿಲ್ಲ’ ಎಂಬ ಹಲಗೆ ಇತ್ತು. ಹಲಗೆಯನ್ನು ಧಿಕ್ಕರಿಸಿ ಒಬ್ಬ ಭಾರದ ಗಾಡಿ ನುಗ್ಗಿಸಿದ್ದಾನೆ, ಸೇತುವೆ ಬಿದ್ದಿದೆ. ಎರಡು ಹೊಲಿಗೆ ಯಂತ್ರ ಸೇರಿಸಿದರೆ ಒಬ್ಬ ದಪ್ಪ ಮನುಷ್ಯನ ತೂಕ. ಅದನ್ನು ಕೇಳುವವರು ಯಾರು? ಸತ್ತವನಿಗೆ ಬಾಯಿಲ್ಲ, ಅವನ ತಲೆಗೆ ಕಟ್ಟಿದರೆ ಯಾರಿಗೂ ಭಾರವಿಲ್ಲ. ಉಳಿದ ಎಂಟು ಮನೆಯವರು ಅದನ್ನು ನಂಬಿದರು. ಎದೆ ಬಡಿದುಕೊಳ್ಳುವವರಿಗೆ ಬೈಯಲು ಒಂದು ಮುಖ ಬೇಕಲ್ಲ, ಇಲಾಖೆಗೆ ಮುಖವಿಲ್ಲ. ಆಸ್ಪತ್ರೆಯ ವರಾಂಡದಲ್ಲೇ ಒಬ್ಬಾಕೆ ಬಂದು ಮಗಳ ಮಂಚದ ಬದಿಗೆ ನಿಂತು, “ಗಂಡನ್ನ ತಿಂದ್ಕೊಂಡಿದ್ದು ಸಾಲದು ಅಂತ ಎಂಟು ಮನೆ ತಿಂದ್ಯಲ್ಲೇ” ಎಂದಳು. ಆಕೆಯ ಮಗ ಹದಿನೆಂಟರವನು, ಗಾಡಿಯ ಮುಂದೆ ನಡೆಯುತ್ತಿದ್ದ. ಮಗಳು ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಎದ್ದು ಕೂರುವಂತಾದ ಮೇಲೆ ಅವಳು ಇಲಾಖೆಯ ಮೇಲೆ ದಾವೆ ಹೂಡಿದಳು. ವಕೀಲೆ ಪರಿಹಾರದ ಲೆಕ್ಕ ಎತ್ತಿದಾಗ, “ಅದೆಲ್ಲ ನಿಮಗೆ ಬಿಟ್ಟಿದ್ದು. ನನ್ನ ಗಂಡ ಯಾರನ್ನೂ ಕೊಂದಿಲ್ಲ ಅಂತ ಒಬ್ಬ ಜಡ್ಜು ಬರೀಬೇಕು. ಅದೊಂದು ಸಾಕು” ಎಂದಳು.

ಹಿಂದೆ ಯಾರೋ ಒಬ್ಬರು ಸುತ್ತಿಗೆ ಹಿಡಿದು ಮೂರು ದಿನ ಕಂಬಿ ಬಡಿದು ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಸೇತುವೆ ಪಕ್ಕದ ಅಂಗಡಿಯವನು ನೋಡಿದ್ದ. ಅದನ್ನು ಹಿಡಿದು ವಕೀಲೆ ನ್ಯಾಯಾಲಯವನ್ನು ಕೇಳಿಕೊಂಡಳು: ಈ ಸೇತುವೆಯ ತಪಾಸಣೆ ವರದಿ ಇದ್ದರೆ ಇಲಾಖೆ ಹಾಜರುಪಡಿಸಲಿ. ನ್ಯಾಯಾಲಯ ಆಜ್ಞೆ ಕಳಿಸಿತು.

ಅಂದು ಸಂಜೆ ಮಗಳು ಅಪ್ಪನ ಎದುರು ಕೂತು ಕೇಳಿದಳು. “ಅಪ್ಪಾ, ಅಂಥದ್ದೊಂದು ವರದಿ ಇದೆಯಾ?”

“ಆಫೀಸಿನ ಮಾತು ಆಫೀಸಿನಲ್ಲಿ” ಎಂದ ದಾರದುಂಡೆ, ತಟ್ಟೆಯಿಂದ ತಲೆ ಎತ್ತದೆ.

“ಇದೆಯೋ ಇಲ್ಲವೋ ಅಷ್ಟು ಹೇಳು.”

“ಕೋರ್ಟು ಕೇಳಿದೆಯಲ್ಲ. ಹೋಗುತ್ತೆ. ಸುಮ್ಮನೆ ಯಾಕೆ ಅವಸರ?”

ಅವನ ಹೆಂಡತಿ ನೀರಿನ ಲೋಟವನ್ನು ಟಪ್ಪೆಂದು ಕುಕ್ಕಿದಳು. “ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಗೊತ್ತಿಲ್ಲ. ಆಫೀಸಿನ ಮುವತ್ತು ವರ್ಷದ ಕಸ ಎಲ್ಲಿದೆ ಅಂತ ಕಣ್ಣು ಮುಚ್ಕೊಂಡು ಹೇಳ್ತಾರೆ. ಹೆತ್ತ ಮಗಳು ಕೇಳಿದ್ರೆ ಮಾತ್ರ ಬಾಯಿಗೆ ಬೀಗ.”

ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ತಾನು ಉಳಿಸಿದ ಕಡತದಿಂದಲೇ ಅಳಿಯನ ಹೆಸರು ಉಳಿಯುತ್ತದೆ. ತಾನು ಮುದ್ರೆ ಒತ್ತದಿದ್ದರೆ ಅದು ಎಂದೋ ಎಳೆಯಾಗಿ ಹೋಗುತ್ತಿತ್ತು. ಮಗಳಿಗೆ ಈಗಲೇ ಹೇಳುವುದು ಬೇಡ, ಕೋರ್ಟಿನಲ್ಲೇ ನೋಡಲಿ ಎಂದುಕೊಂಡ. ಅವನ ಬದುಕಿನಲ್ಲಿ ಅವನಿಗೆ ಬಂದ ದೊಡ್ಡ ಖುಷಿ ಇದೇ ಇರಬೇಕು, ಎರಡು ದಿನ ಬಾಳಿತು.

ಮೂರನೆಯ ದಿನ ಮುಖ್ಯ ಸಾಹೇಬರು ಕಡತ ತರಿಸಿದರು. ಅವರ ಪಕ್ಕದಲ್ಲಿ ಇಲಾಖೆಯ ವಕೀಲ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಬರೀ ತಪಾಸಣೆ ವರದಿಯನ್ನು ಕೊಡುವುದಿಲ್ಲ ಎನ್ನಲು ಯಾವ ಆಧಾರವೂ ಇಲ್ಲ ಎಂದು ಅವನು ಆಗಷ್ಟೇ ಹೇಳಿ ಮುಗಿಸಿದ್ದ. ದಾರದುಂಡೆ ಕಡತವನ್ನು ಮೇಜಿನ ಮೇಲಿಟ್ಟ. ಇಬ್ಬರ ಕಣ್ಣೂ ಕೆಂಪು ಮುದ್ರೆಯ ಮೇಲೆ ಬಿದ್ದವು. ವಕೀಲ ಬಗ್ಗಿ ತಾರೀಖು ಓದಿದ, ಬೆರಳಲ್ಲಿ ವರ್ಷ ಎಣಿಸಿದ.

“ಸೇತುವೆ ಬೀಳೋಕೆ ಎರಡು ವರ್ಷ ಮೊದಲೇ ಗೋಪ್ಯ ಆಗಿದೆ ಸಾರ್. ಬಚ್ಚಿಡೋಕೆ ಮಾಡಿದ್ದು ಅಂತ ಯಾರೂ ಅನ್ನೋ ಹಾಗಿಲ್ಲ. ನೀವೊಂದು ಪ್ರಮಾಣಪತ್ರ ಕೊಟ್ಟುಬಿಡಿ. ಇದು ಸರ್ಕಾರದ ಒಳಗಿನ ಕಾಗದ, ಹೊರಗೆ ಬಿದ್ರೆ ಸಾರ್ವಜನಿಕ ಹಿತಕ್ಕೆ ಧಕ್ಕೆ, ನಾಳೆಯಿಂದ ಯಾವ ಅಧಿಕಾರೀನೂ ಮನಬಿಚ್ಚಿ ಬರೆಯಲ್ಲ ಅಂತ. ಸರ್ಕಾರಕ್ಕೆ ಆ ವಿಶೇಷ ಹಕ್ಕು ಇದೆ. ಜಡ್ಜು ತೆರೆಯೋದೂ ಇಲ್ಲ.”

ಸಾಹೇಬರು ಕನ್ನಡಕ ತೆಗೆದು ದಾರದುಂಡೆಯನ್ನು ಮೊದಲ ಸಲ ನೋಡುವವರಂತೆ ನೋಡಿದರು. “ಕೂತ್ಕೊಳ್ಳಿ” ಎಂದರು. ಮುವತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ಅವನಿಗೆ ಕುರ್ಚಿ ಸಿಕ್ಕಿದ್ದು ಅದೇ ಮೊದಲು. ಚಹಾವನ್ನೂ ತರಿಸಿದರು. “ಇಲಾಖೆಯ ಮಾನ ಉಳಿಸಿದ್ರಿ. ನಿಮ್ಮ ಮಗಳೇ ದಾವೆ ಹಾಕಿದ್ರೂ ನಿಮ್ಮನ್ನ ಆ ಜಾಗದಿಂದ ಎತ್ತಲಿಲ್ಲ, ನೋಡಿ. ನಂಬಿಕೆ ಅಂದ್ರೆ ಇದು.”

ದಾರದುಂಡೆ ಚಹಾ ಕುಡಿದ. ಆಗಲಾದರೂ ಬಾಯಿ ಬಿಡಬಹುದಿತ್ತು. ಲೋಟ ತೊಳೆದಿಟ್ಟು ಕೆಳಗೆ ಹೋದ. ಇಡೀ ಮಧ್ಯಾಹ್ನ ಕಿಟಕಿಯ ಪಾದಗಳನ್ನು ನೋಡಿ, ಐದಕ್ಕೆ ಹತ್ತು ನಿಮಿಷವಿದ್ದಾಗ ಮತ್ತೆ ಮೇಲೆ ಹತ್ತಿದ. ಸಾಹೇಬರು ಒಬ್ಬರೇ ಇದ್ದರು.

“ಸಾರ್, ಆ ಮುದ್ರೆ… ಅದಕ್ಕೆ ಆದೇಶ ಇರಲಿಲ್ಲ. ನಾನೇ ಒತ್ತಿದ್ದು. ಸೀಳ್ತಾರಲ್ಲ ಅಂತ, ಉಳೀಲಿ ಅಂತ. ಅದನ್ನ ತಪ್ಪು ಅಂತ ಬರ್ಕೊಂಡು ಕಡತ ಕೋರ್ಟಿಗೆ ಕಳಿಸಿ ಸಾರ್.”

ಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. ಎದ್ದು ಬಾಗಿಲು ಮುಂದೆ ಮಾಡಿ ಬಂದರು. “ಇಂಥವು ಎಷ್ಟಿವೆ?”

“ಇನ್ನೂರ ತೊಂಬತ್ತಮೂರು.”

“ಒಂದೊಂದೂ ಸುಳ್ಳು ದಾಖಲೆ. ನಿಮ್ಮ ಕೆಲಸ ಹೋಗುತ್ತೆ, ಪಿಂಚಣಿ ಹೋಗುತ್ತೆ, ಅದು ನಿಮ್ಮ ಹಣೆಬರಹ, ಬಿಡಿ. ಆದ್ರೆ ಕಡತದ ಗತಿ ಯೋಚನೆ ಮಾಡಿದ್ರಾ?” ಅವರು ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ನಿಧಾನವಾಗಿ ಹೇಳಿದರು. “ಮುದ್ರೆ ಸುಳ್ಳು ಅಂದ ಮೇಲೆ ಅದು ಮಾಮೂಲಿ ತಪಾಸಣೆ ಕಡತ. ಅದಕ್ಕೆ ಐದೇ ವರ್ಷ. ಅಂದ್ರೆ ಅದು ಎಂದೋ ಸತ್ತಿರಬೇಕಿತ್ತು. ಹಾಗಾದ್ರೆ ನಾನು ಅದನ್ನ ಇವತ್ತೇ ಯಂತ್ರಕ್ಕೆ ಕೊಡ್ತೀನಿ, ನಿಯಮದ ಪ್ರಕಾರ ಆವಾಗಲೇ ವಿಲೇವಾರಿ ಆಗಿದೆ ಅಂತ ಕೋರ್ಟಿಗೆ ಬರೀತೀನಿ. ಗೋಪ್ಯ ಅಂದ್ರೆ ಉಳಿಯುತ್ತೆ. ಅಲ್ಲ ಅಂದ್ರೆ ಸೀಳಿಹೋಗುತ್ತೆ. ನಿಮ್ಮ ಕಡತ, ನೀವೇ ಹೇಳಿ.”

ಅತ್ತ ದರಿ, ಇತ್ತ ಪುಲಿ. ಅವನು ಮೇಜಿನ ಮೇಲಿದ್ದ ಕಡತದ ದಾರದ ಗಂಟನ್ನು ಬಿಗಿಮಾಡಿದ. ಆಮೇಲೆ, “ಉಳೀಲಿ ಸಾರ್” ಎಂದ.

ಉಳಿದರೆ ಮುಂದೊಂದು ದಿನ ಯಾರಾದರೂ ತೆರೆದಾರು ಎಂದು ಮೆಟ್ಟಿಲಿಳಿಯುವಾಗ ತನಗೆ ತಾನೇ ಹೇಳಿಕೊಂಡ. ಹೇಡಿಗೆ ನೆಪ ಯಾವತ್ತೂ ಸಿಗುತ್ತದೆ, ಹುಡುಕಬೇಕಾಗಿಲ್ಲ.

ವಿಚಾರಣೆಯ ದಿನ ಇಲಾಖೆಯೇ ಅವನನ್ನು ಸಾಕ್ಷಿಗೆ ಕರೆಯಿತು, ಮುದ್ರೆಯ ತಾರೀಖು ಸಾಬೀತು ಮಾಡುವುದಕ್ಕೆ. ಅರಗು ಹಾಕಿ ಮುಚ್ಚಿದ ಚೀಲದಲ್ಲಿ ಕಡತವನ್ನು ಕಂಕುಳಲ್ಲಿಟ್ಟುಕೊಂಡು ಬಂದ. ನ್ಯಾಯಾಲಯದ ಕೋಣೆ ಇಕ್ಕಟ್ಟು. ಮಗಳು ಬೆಂಚಿನ ತುದಿಯಲ್ಲಿ ಊರುಗೋಲನ್ನು ಮಂಡಿಗೆ ಒರಗಿಸಿಕೊಂಡು ಕೂತಿದ್ದಳು. ಅವಳ ಹಿಂದಿನ ಸಾಲಿನಲ್ಲಿ ಎಂಟು ಮನೆಗಳಿಂದ ಬಂದವರು, ಯಾರೂ ಅವಳ ಪಕ್ಕ ಕೂತಿರಲಿಲ್ಲ. ಅಪ್ಪ ಇಲಾಖೆಯ ಕಡೆಯ ಸಾಕ್ಷಿ ಎಂದು ಅವಳಿಗೆ ಗೊತ್ತಾದದ್ದು ಅವನ ಕೆಲಸದ ಹೆಸರು ಕೂಗಿದಾಗ. ಅವನು ಚೀಲ ಹೊತ್ತು ಪಕ್ಕದಲ್ಲೇ ಹಾದುಹೋದ. ಅವಳು ದಾರಿ ಬಿಡಲು ಊರುಗೋಲನ್ನು ಒಳಗೆಳೆದುಕೊಂಡಳು.

ಇಲಾಖೆಯ ವಕೀಲ ಕೇಳಿದ್ದು ಎರಡೇ ಪ್ರಶ್ನೆ. ಮುದ್ರೆ ಯಾರ ಕೈಯದು, ತಾರೀಖು ಯಾವುದು. ಅವನು ಹೇಳಿದ. ಆಮೇಲೆ ಮಗಳ ವಕೀಲೆ ಎದ್ದಳು.

“ಯಾರ ಆದೇಶದ ಮೇಲೆ ಮುದ್ರೆ ಒತ್ತಿದ್ರಿ?”

ಅವನು ಮಗಳ ಕಡೆ ನೋಡಲಿಲ್ಲ. “ಪದ್ಧತಿ ಪ್ರಕಾರ.”

“ಯಾವ ಪದ್ಧತಿ?”

“ಮುಖ್ಯವಾದ ಕಡತಕ್ಕೆ ಮುದ್ರೆ ಹಾಕೋದು ದಾಖಲೆ ಕೋಣೆಯ ಪದ್ಧತಿ.”

“ಹಾಗಾದ್ರೆ ಈ ವರದಿ ಮುಖ್ಯವಾದದ್ದು?”

“ಹೌದು.”

“ಯಾಕೆ ಮುಖ್ಯ?”

“ಅದು ಗೋಪ್ಯ” ಎಂದ.

ಆ ಕಪಾಟಿನಲ್ಲಿ ಇನ್ನೇನೇನು ಗೋಪ್ಯ ಇದೆ ಎಂದು ವಕೀಲೆ ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಅವನಿಗೆ ಪ್ರಮಾಣ ಮಾಡಿ ಸುಳ್ಳು ಪಟ್ಟಿ ಹೇಳಲು ಬರುತ್ತಿರಲಿಲ್ಲ. ಇಲಿಬೋನು, ಚಿಲಕ, ಪದ್ಯದ ರಜೆ ಎಂದು ಶುರುಮಾಡಿ ಪುಟಸಂಖ್ಯೆ ಸಮೇತ ಒಪ್ಪಿಸುತ್ತಿದ್ದ. ಕೋರ್ಟು ಬಿದ್ದು ಬಿದ್ದು ನಗುತ್ತಿತ್ತು, ಆ ನಗೆಯಲ್ಲಿ ಸರ್ಕಾರದ ವಿಶೇಷ ಹಕ್ಕು ಕೊಚ್ಚಿ ಹೋಗುತ್ತಿತ್ತು. ಪಾಪ, ಅವಳಿಗೆ ಏನು ಗೊತ್ತು. ಕೂತುಬಿಟ್ಟಳು.

ನ್ಯಾಯಾಧೀಶರು ಚೀಲವನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ ಕೆಳಗಿಟ್ಟರು. ಇಲಾಖೆಯ ಮುಖ್ಯಸ್ಥರು ಪ್ರಮಾಣ ಮಾಡಿ ಹೇಳಿದ್ದಾರೆ, ಅಪಘಾತಕ್ಕೆ ಎರಡು ವರ್ಷ ಮೊದಲೇ ಇದನ್ನು ಗೋಪ್ಯವೆಂದು ನಡೆಸಿಕೊಂಡಿರುವುದು ಸಾಕ್ಷಿಯಿಂದ ಸಾಬೀತಾಗಿದೆ, ಆದ್ದರಿಂದ ಹಕ್ಕನ್ನು ದುರುದ್ದೇಶದಿಂದ ಕೇಳಿಲ್ಲ, ತೆರೆಯುವ ಅಗತ್ಯ ಕಾಣುವುದಿಲ್ಲ ಎಂದು ಹೇಳಿ ಬರೆಸಿದರು. ಮುಗಿಯಿತು. ಅವನು ಚೀಲ ಎತ್ತಿಕೊಂಡು ಬಂದ ದಾರಿಯಲ್ಲೇ ಹೊರಟ. ಮಗಳಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಆ ಹನ್ನೊಂದು ಪುಟ ಎರಡನೆಯ ಸಲ ಹಾದುಹೋದವು.

ನಾಲ್ಕು ತಿಂಗಳಿಗೆ ತೀರ್ಪು ಬಂತು. ಸೇತುವೆ ದುರ್ಬಲವಾಗಿತ್ತು ಎನ್ನಲು ಆಧಾರವಿಲ್ಲ, ನಿಷೇಧವಿದ್ದರೂ ಗಾಡಿ ನುಗ್ಗಿಸಿದ್ದೇ ಕಾರಣ, ದಾವೆ ವಜಾ. ಇಷ್ಟು ದಿನ ಜನರ ಬಾಯಲ್ಲಿದ್ದ ಮಾತನ್ನು ಈಗ ಒಬ್ಬ ಜಡ್ಜು ಬರೆದಿದ್ದರು.

ಮುಂದಿನ ಭಾನುವಾರ ಮಧ್ಯಾಹ್ನ ಹೆಂಡತಿ ನೆರೆಮನೆಗೆ ಹೋಗಿದ್ದಳು. ಮಗಳು ಅಡುಗೆಮನೆಯ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ತರಕಾರಿ ಹೆಚ್ಚುತ್ತಿದ್ದಳು. ಕೋರ್ಟಿನ ದಿನದಿಂದ ಅಪ್ಪನ ಜೊತೆ ಮಾತಾಡಿರಲಿಲ್ಲ.

“ಅದರಲ್ಲಿ ಏನಿತ್ತು?” ಎಂದು ತಲೆ ಎತ್ತದೆ ಕೇಳಿದಳು.

ಅವನು ಗೋಡೆಗೆ ಒರಗಿ ಕೂತಿದ್ದ. ಏನಾಯಿತೋ, ಬಾಯಿ ತೆರೆಯಿತು. ಒಂದನೆಯ ಪುಟದಿಂದ ಶುರುಮಾಡಿದ. ಒಂದೂ ಅಕ್ಷರ ತಪ್ಪದೆ, ಪುಟ ಮುಗಿದಾಗ ಉಸಿರು ಎಳೆದುಕೊಂಡು, ಹನ್ನೊಂದೂ ಪುಟ ಹೇಳಿದ. ಹದಿನಾರು ಕಂಬಿ, ಒಂಬತ್ತು ಟೊಳ್ಳು, ಬಣ್ಣದ ಬಲ, ಆರು ತಿಂಗಳು, ಬರಿ ನಡಿಗೆ. ಮೂರು ಸಲ ‘ನೋಡಿದೆ’. ಮಗಳ ಕೈಯಲ್ಲಿ ಚಾಕು ನಿಂತಿತ್ತು.

“ಮುದ್ರೆ ಯಾಕೆ ಹಾಕಿದೆ?”

“ಸೀಳ್ತಿದ್ರು ಕಣಮ್ಮ. ಅಂಥ ಅಕ್ಷರ… ನೀನು ನೋಡಿಲ್ಲ, ಅಷ್ಟು ಚೆಂದದ ಅಕ್ಷರ.”

ಅವಳು ಈಗ ಅವನನ್ನು ನೋಡಿದಳು. “ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತು. ಏಳು ವರ್ಷ ನಾವು ದಿನಾ ಅದರ ಮೇಲೆ ಓಡಾಡಿದ್ವಿ. ನೀನೂ ಬರ್ತಿದ್ದೆ. ನನ್ನ ಮದುವೆ ಆದಾಗ ಅದೇ ಸೇತುವೆ ದಾಟಿಸಿ ನನ್ನನ್ನ ಕಳಿಸಿಕೊಟ್ಟೆ.”

ಅದಕ್ಕೆ ಉತ್ತರ ಯಾವ ಪುಟದಲ್ಲೂ ಇರಲಿಲ್ಲ.

ಅವಳು ಒಳಗೆ ಹೋಗಿ ಹಾಳೆ, ಪೆನ್ನು ತಂದಳು. “ಮೊದಲಿಂದ ಹೇಳು. ನಿಧಾನವಾಗಿ” ಎಂದಳು. ಅವನು ಹೇಳಿದ, ಅವಳು ಬರೆದಳು. ಅಲ್ಪವಿರಾಮ ಎಲ್ಲಿ, ಹೊಸ ಸಾಲು ಎಲ್ಲಿ ಎಂಬುದನ್ನೂ ಹೇಳಿಸಿಕೊಂಡು ಬರೆದಳು. ಮುಗಿಯುವಾಗ ಸಂಜೆ ಐದು. ಹಾಳೆಗಳನ್ನು ಜೋಡಿಸಿ ಅವನ ಮುಂದೆ ಇಟ್ಟಳು.

“ಕೆಳಗೆ ಸಹಿ ಹಾಕು. ಇದು ಕಡತದಲ್ಲಿ ಇರೋದೇ, ನಾನು ಓದಿದ್ದೀನಿ ಅಂತ ಒಂದು ಸಾಲು ಬರೆದು ಸಹಿ ಹಾಕು. ಕೋರ್ಟಿಗಲ್ಲ. ಆ ಎಂಟು ಮನೆಗೆ ತೋರಿಸ್ತೀನಿ, ಅಷ್ಟೇ.”

ಅವನು ಪೆನ್ನು ತೆಗೆದುಕೊಂಡ. ಮುಚ್ಚಳ ತೆಗೆದ. ಹಾಳೆಯ ಮೇಲೆ ಕೈ ಇಟ್ಟು ಕೂತ. ಪಿಂಚಣಿಯ ಭಯ ಇತ್ತೆಂದು ನೀವು ಅಂದುಕೊಂಡರೆ ಅವನನ್ನು ತಿಳಿದಿಲ್ಲ ಎಂದೇ ಅರ್ಥ; ಆ ಭಯವನ್ನಾದರೂ ಕ್ಷಮಿಸಬಹುದಿತ್ತು.

“ಮೂಲಪ್ರತಿ ಎದುರಿಗೆ ಇಲ್ಲದೆ ನಕಲಿಗೆ ಸಹಿ ಹಾಕೋ ಹಾಗಿಲ್ಲಮ್ಮ” ಎಂದ. “ನಾನು ಯಾವತ್ತೂ ಹಾಕಿಲ್ಲ.”

ಮಗಳು ಅವನ ಕೈಯ ಕೆಳಗಿನಿಂದ ಹಾಳೆಗಳನ್ನು ಎಳೆದುಕೊಂಡು, ಚೀಲಕ್ಕೆ ಹಾಕಿ, ಊರುಗೋಲು ಹಿಡಿದು ಮೆಟ್ಟಿಲಿಳಿದಳು. ಆಚೆ ದಡಕ್ಕೆ ಈಗ ದೊಡ್ಡ ರಸ್ತೆ ಸುತ್ತಿ ಹೋಗಬೇಕು, ಅರ್ಧ ಗಂಟೆಯ ದಾರಿ. ಅವಳ ಕಾಲಿಗೆ ಒಂದು ಗಂಟೆ ಹಿಡಿಯಿತು. ದಾರದುಂಡೆ ಹಿಂದೆ ಹಿಂದೆಯೇ ಹೋದ, ಹತ್ತಿಪ್ಪತ್ತು ಹೆಜ್ಜೆ ಅಂತರದಲ್ಲಿ. ಅವಳು ತಿರುಗಿ ನೋಡಲಿಲ್ಲ.

ಮೊದಲನೆಯ ಮನೆ ಆಸ್ಪತ್ರೆಯಲ್ಲಿ ಬೈದಿದ್ದ ಆಕೆಯದು. ಬಾಗಿಲು ಅರ್ಧ ತೆರೆಯಿತು. ಮಗಳು ಅಲ್ಲೇ ಗೋಡೆಗೆ ಒರಗಿ ನಿಂತು ಓದತೊಡಗಿದಳು. ಆಕೆ ಬಾಗಿಲು ಹಾಕಲು ಹೋದವಳು ಹಾಕಲಿಲ್ಲ. ಕಂಬಿಯ ಮಾತು ಬರುವಾಗ ಹೊರಗೆ ಬಂದು ನಿಂತಳು. ಬರಿ ನಡಿಗೆಗೇ ಬಿದ್ದೀತು ಎಂಬಲ್ಲಿ ಬಾಯಿಗೆ ಸೆರಗು ಹಿಡಿದಳು. ಓದಿ ಮುಗಿದ ಮೇಲೆ ಕೈ ಚಾಚಿ ಹಾಳೆಗಳನ್ನು ಈಸಿಕೊಂಡು, ಕೊನೆಯದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇದು ನಿನ್ನದೇ ಅಕ್ಷರ ಅಲ್ವಾ. ಯಾರ ಸಹಿ ಇದೆ ಇದಕ್ಕೆ?”

ಮಗಳು ಆಗ ತಿರುಗಿದಳು. ಬೀದಿಯ ಆಚೆ ಬದಿಯಲ್ಲಿ, ದೀಪದ ಕಂಬದ ಪಕ್ಕ ಅಪ್ಪ ನಿಂತಿದ್ದ. ಆಕೆಯೂ ಆ ಕಡೆ ನೋಡಿದಳು. ಆಗ ಬೀದಿ ದಾಟಿ ಬರಲು ಅವನಿಗೆ ಏಳೆಂಟು ಹೆಜ್ಜೆ ಸಾಕಿತ್ತು. ಅವನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡಿಕೊಂಡ. ಮಾಡಿಕೊಂಡೇ ಇದ್ದ.

“ಯಾರದೂ ಇಲ್ಲ” ಎಂದಳು ಮಗಳು.

ಆಕೆ ಹಾಳೆಗಳನ್ನು ಅವಳ ಕೈಗೆ ತುರುಕಿ ಬಾಗಿಲು ಹಾಕಿಕೊಂಡಳು. ಮಗಳು ಅವನ್ನು ಜೋಡಿಸಿ ಚೀಲಕ್ಕೆ ಹಾಕಿ, ಊರುಗೋಲು ಎತ್ತಿ ಪಕ್ಕದ ಮನೆಯ ಬಾಗಿಲಿಗೆ ನಡೆದಳು. ಇನ್ನೂ ಏಳು ಮನೆ ಇದ್ದವು.